ಗಾಳಿಯಲ್ಲಿ ನಿಂತ ಬಣ್ಣದ ಗುಂಡು

ಬಲಗಣ್ಣು ಹೇಗೆ ಹೋಯಿತು ಎಂದು ಕೇಳಿದವರಿಗೆ ‘ಕೆಲಸ ಮಾಡುವಾಗ ಏಟು ಬಿತ್ತು’ ಎಂದಷ್ಟೇ ಹೇಳುತ್ತೇನೆ. ಪೂರ್ತಿ ಹೇಳಿದರೆ ಜನ ನನ್ನ ಗೆಳೆಯನನ್ನು ದೂರುತ್ತಾರೆ. ತಪ್ಪು ಅವನದಲ್ಲ.

ಬಂಗಾರಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜು, ಮದುವೆ, ಸೀಮಂತ, ತೀರಿಕೊಂಡವರ ಹಳೇ ಪಟ ದೊಡ್ಡದು ಮಾಡಿಕೊಡುವುದು, ಇದರಲ್ಲೇ ಇಪ್ಪತ್ತು ವರ್ಷ ಕಳೆದಿದ್ದೆ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಅಂಗಡಿಯಲ್ಲಿ ಸುಮ್ಮನೆ ಕೂತಿರುವುದೇ ಹೆಚ್ಚಾಗಿತ್ತು. ಗೆಳೆಯ ಚಾಂಪಿಯನ್ ರೀಫ್ಸ್‌ನವನು. ಕಾಲೇಜಿಗೆ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತಿದ್ದ ದಿನಗಳಿಂದ ನಾವು ಜೊತೆ. ಅವನ ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಅವನು ಮಾಡದ ಕೆಲಸವಿರಲಿಲ್ಲ. ನನ್ನ ಕಣ್ಣು ಹೋದ ವರ್ಷ ಅವನ ಮನೆಯ ಹತ್ತಿರ ಯಾರೋ ಪೇಂಟ್‌ಬಾಲ್, ಅಂದರೆ ಬಣ್ಣ ತುಂಬಿದ ಗುಂಡುಗಳನ್ನು ಗನ್ನಿನಿಂದ ಒಬ್ಬರಿಗೊಬ್ಬರು ಹೊಡೆಯುವ ಆಟ, ಆಡುವ ಮೈದಾನ ತೆರೆದಿದ್ದರು. ಶನಿವಾರ ಬೆಂಗಳೂರಿನಿಂದ ಬಂದವರಿಗೆ ಗನ್ ಹಿಡಿಯುವುದನ್ನು ಕಲಿಸಿ, ಅವರು ಹೋದ ಮೇಲೆ ಡ್ರಮ್ಮು, ಟೈರುಗಳ ಮೇಲಿನ ಬಣ್ಣ ತೊಳೆಯುವುದು ಅವನ ಕೆಲಸ.

ಒಂದು ದಿನ ಅಂಗಡಿಗೆ ಬಂದವನು ಕಿತ್ತಳೆ ಬಣ್ಣದ ಗುಂಡೊಂದನ್ನು ಟೇಬಲ್ಲಿನ ಮೇಲೆ ಉರುಳಿಸಿದ.

“ವಾರ ವಾರ ಸಾವ್ರ ಗುಂಡು ಒಡೀತಾರೆ ಮಚ್ಚಾ. ಓಗೋದು ಮಾತ್ರ ಒಬ್ಬನ ಕಣ್ಗೂ ಬಿದ್ದಿಲ್ಲ. ಪೋಟೋದಲ್ಲಿ ಇಡಿಯಕ್ಕಾಯ್ತದಾ?”

“ಆಯ್ತದೆ. ಕತ್ಲು ಬೇಕು,” ಎಂದೆ. ಯಾರೂ ತೆಗೆಯದ ಒಂದು ಚಿತ್ರ ನಾನೂ ತೆಗೆಯಬೇಕೆಂಬ ಆಸೆ ಅಷ್ಟು ವರ್ಷ ಒಳಗೇ ಇತ್ತೆಂದು ಆಗ ಗೊತ್ತಾಯಿತು.

ಅವನ ಮನೆಯ ಸಾಲಿನ ಕೊನೆಯಲ್ಲಿ ಗಣಿ ಕೆಲಸಗಾರರಿಗೆಂದು ಕಟ್ಟಿದ್ದ ಒಂದು ಲೈನ್ ಮನೆ ಖಾಲಿ ಬಿದ್ದಿತ್ತು. ಅದರ ಕಿಟಕಿಗಳಿಗೆ ಗೋಣಿಚೀಲ, ಕಂಬಳಿ ಬಿಗಿದೆವು. ಹಗಲಲ್ಲೇ ಒಳಗೆ ಕೈ ಕಾಣದಷ್ಟು ಕತ್ತಲಾಯಿತು. ಒಂದು ಕಡೆ ಅವನು ಗನ್ ಹಿಡಿದು ಕೂರುವುದು. ಎದುರು ಗೋಡೆಗೆ ಮರಳಿನ ಚೀಲ. ಪಕ್ಕದಲ್ಲಿ ಕ್ಯಾಮೆರಾ, ಅದರ ಎದುರಿಗೆ ಹಿನ್ನೆಲೆಗಾಗಿ ಕಪ್ಪು ಬಟ್ಟೆ. ನಾನು ಕ್ಯಾಮೆರಾದ ಕಣ್ಣು ತೆರೆದಿಟ್ಟು ‘ಊಂ’ ಎಂದರೆ ಅವನು ಹೊಡೆಯಬೇಕು. ಗನ್ನಿನ ಸದ್ದು ಮೈಕಿಗೆ ತಾಕಿದ ಕೂಡಲೇ ಫ್ಲ್ಯಾಶ್ ಹೊತ್ತಿಕೊಳ್ಳುವಂತೆ ಅವನೇ ಹಳೇ ರೇಡಿಯೋದ ಭಾಗಗಳಿಂದ ಒಂದು ಪೆಟ್ಟಿಗೆ ಮಾಡಿದ್ದ. ಮೈಕನ್ನು ಒಂದು ಗೇಣು ಹಿಂದೆ ಇಟ್ಟರೆ ಸದ್ದು ತಲುಪುವುದು ತಡವಾಗಿ, ಗುಂಡು ಇನ್ನೂ ಮೂರು ನಾಲ್ಕು ಬೆರಳು ಮುಂದೆ ಹೋದ ಮೇಲೆ ಬೆಳಕು ಬರುತ್ತಿತ್ತು. ಮೂರು ಸೋಮವಾರ ಹೀಗೇ ಗೇಣು ಅಳೆದೆವು. ಬರೀ ಕಪ್ಪು, ಇಲ್ಲವೇ ಕಿತ್ತಳೆಯ ಒಂದು ಗೀರು. ಒಮ್ಮೆ ಅಂಚಿನಲ್ಲಿ ಅರ್ಧ ಗುಂಡು ಬಂದಾಗ ಅವನು ನನ್ನ ಬೆನ್ನಿಗೆ ಗುದ್ದಿ ನಕ್ಕ.

ನಾಲ್ಕನೇ ಸೋಮವಾರ ತಗಡಿನ ಸೂರಿನ ಕೆಳಗೆ ಬೆಂದುಹೋಗುವಷ್ಟು ಸೆಕೆ. ಮುಖಕ್ಕೆ ಹಾಕಿದ್ದ ಮಾಸ್ಕಿನ ಗಾಜಿಗೆ ಹಬೆ ಕಟ್ಟುತ್ತಿತ್ತೆಂದು ಅದನ್ನು ತಲೆಯ ಮೇಲಕ್ಕೆ ಸರಿಸಿಕೊಂಡಿದ್ದೆ. ಕ್ಯಾಮೆರಾದ ಕಣ್ಣು ತೆರೆದಾದ ಮೇಲೆ ಕಪ್ಪು ಬಟ್ಟೆ ಜಾರಿ ಬಿದ್ದ ಸದ್ದಾಯಿತು. ಅವನಿಗೆ ಹೇಳದೆ, ತಡವಿಕೊಂಡು ಗುಂಡು ಹಾಯುವ ದಾರಿಗೇ ಹೋಗಿ ಬಗ್ಗಿದೆ.

“ಮಚ್ಚಾ, ಆಯ್ತಾ?” ಎಂದ.

ಬಟ್ಟೆಯ ತುದಿ ಹುಡುಕುತ್ತಿದ್ದ ನಾನು ‘ಇರು’ ಎನ್ನಬೇಕಿತ್ತು. ‘ಊಂ’ ಎಂದುಬಿಟ್ಟೆ.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಆಯಿತು. ಬೆಳಕು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಾನು ಅಲ್ಲಿದ್ದ ಒಂಬತ್ತು ದಿನವೂ ಗೆಳೆಯ ವರಾಂಡದಲ್ಲೇ ಇದ್ದ. ನನ್ನ ಹೆಂಡತಿ ಊಟ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಕೂತಿರುತ್ತಿದ್ದನಂತೆ. ಮನೆಗೆ ಬಂದ ಮೇಲೆ ಹೆಂಡತಿಯೇ ಕ್ಯಾಮೆರಾದ ಕಾರ್ಡು ತೆಗೆದು ನೋಡಿದಳು. ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿತ್ರ ಬಂದಿತ್ತು. ಕಿತ್ತಳೆ ಗುಂಡು ಗಾಳಿಯಲ್ಲಿ ಕೊಂಚ ಚಪ್ಪಟೆಯಾಗಿ, ನಡುವಿನ ಅಂಟಿನ ಗೆರೆ ಕೂಡ ಕಾಣುವಷ್ಟು ಸ್ಪಷ್ಟವಾಗಿ ನಿಂತಿತ್ತು. ಅದರ ಮುಂದೆ, ಒಂದು ಗೇಣು ದೂರದಲ್ಲಿ, ಕತ್ತಲಲ್ಲಿ ಏನನ್ನೋ ಹುಡುಕುತ್ತಿರುವ ನನ್ನ ಮುಖ. ಕಣ್ಣು ಅಗಲವಾಗಿ ತೆರೆದಿತ್ತು.

“ಅಳಿಸಾಕು. ಮನೇಲಿ ಇದು ಇರಬಾರ್ದು,” ಎಂದಳು ಹೆಂಡತಿ. ಅಳಿಸಲಾಗಲಿಲ್ಲ. ನಾನು ತೆಗೆದ ಚಿತ್ರಗಳಲ್ಲೆಲ್ಲ ಚೆನ್ನಾಗಿರುವುದು ಅದೊಂದೇ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ವಾರದ ನಂತರ ಗೆಳೆಯ ಬಂದ. ಕೂರಲಿಲ್ಲ.

“ಅದ್ರಲ್ಲಿ ಏನಾನ ಬಂದದಾ?”

“ಏನೂ ಬಂದಿಲ್ಲ. ಬರೀ ಕಪ್ಪು.”

“ಸುಳ್ಳೇಳ್ಬೇಡ ಮಚ್ಚಾ. ಲೈಟ್ ಬಂದಾಗ ನಿನ್ನ ಮುಖ ನಾನೂ ನೋಡ್ದೆ.”

ಅದೇ ಅವನು ನನ್ನೊಂದಿಗೆ ಆಡಿದ ಕೊನೆಯ ಮಾತು. ಮೈದಾನದ ಕೆಲಸ ಬಿಟ್ಟು, ಬೆಂಗಳೂರಿನಲ್ಲಿ ವಾಚ್‌ಮನ್ ಕೆಲಸಕ್ಕೆ ರೈಲಿನಲ್ಲಿ ಓಡಾಡತೊಡಗಿದ. ನಾನು ಒಂದು ಮದುವೆಯ ಫೋಟೋ ಕೆಲಸ ಒಪ್ಪಿಕೊಂಡೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದೆ ಮಂಟಪದ ಮೆಟ್ಟಿಲು ತಪ್ಪಿ, ಹೆಣ್ಣಿನ ತಾಯಿಯ ಮೇಲೆ ಬಿದ್ದೆ. ಅವರೇ ಕೈ ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಮಾರನೇ ತಿಂಗಳು ಸ್ಟುಡಿಯೋ ಮುಚ್ಚಿದೆ. ಈಗ ಅಲ್ಲಿ ಮೊಬೈಲ್ ಅಂಗಡಿ.

ಒಮ್ಮೆ ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಬೆಂಗಳೂರಿನ ರೈಲಿಗೆ ಕಾಯುತ್ತಿದ್ದೆ. ಮಾರಿಕುಪ್ಪಂ ರೈಲು ಬಂದು ಹೊರಟು ಹೋದ ಮೇಲೆ ಟೀ ಮಾರುವವರು, “ನಿಮ್ಮ ಸ್ನೇಯಿತ ಅಷ್ಟೊತ್ತು ಪಕ್ಕದಲ್ಲೇ ನಿಂತಿದ್ನಲ್ಲ, ಯಾಕಣ್ಣ ಮಾತಾಡ್ಸಲಿಲ್ಲ?” ಎಂದರು. ಅವನು ನಿಂತದ್ದು ನನ್ನ ಬಲಗಡೆಗೆ.

ಮುಂದಿನ ಗಾಡಿಗೆ ಚಾಂಪಿಯನ್ ರೀಫ್ಸ್‌ಗೆ ಹೋಗಲು ಧೈರ್ಯವಾಗಲಿಲ್ಲ. ಭಾನುವಾರ ಹೋದೆ. ಅವನ ಹೆಂಡತಿ ಬಾಗಿಲಿಗೆ ಬಂದು, “ಇಲ್ಲಣ್ಣ, ಡ್ಯೂಟಿಗೆ ಓಗವ್ರೆ,” ಎಂದರು. ಅವನ ಬೂಟು ಹೊಸಿಲ ಪಕ್ಕದಲ್ಲೇ ಇತ್ತು. ಪರದೆಯ ಹಿಂದೆ ಯಾರೋ ಉಸಿರು ಹಿಡಿದು ನಿಂತಂತಿತ್ತು. ಅವನಿಗೆ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ:

“ಅವತ್ತು ಟೇಶನ್ನಲ್ಲಿ ನಾನು ಬೇಕಂತ ಸುಮ್ಕಿದ್ದಿದ್ದಲ್ಲ ಕಣ್ಲಾ. ಆ ಕಡೆ ನಂಗೆ ಕಾಣಲ್ಲ.”

ಪರದೆ ಅಲುಗಲಿಲ್ಲ. ಅವನ ಎದುರು ಹೇಳಬಾರದ ಮಾತು ಇದ್ದದ್ದು ಒಂದೇ, ನನಗೆ ಕಾಣುವುದಿಲ್ಲ ಎಂಬುದು, ಅದನ್ನೇ ಹೇಳಿ ಬಂದೆ ಎನ್ನುವುದು ವಾಪಸು ಬರುವಾಗ, ರೈಲು ಊರಿಗಾಂ ಸ್ಟೇಷನ್ ದಾಟಿದ ಮೇಲೆ ಹೊಳೆಯಿತು. ಇಳಿದು ತಿರುಗಿ ಹೋಗಲಿಲ್ಲ. ಹೋಗಿ ಹೇಳುವುದಕ್ಕೆ ಬೇರೆ ಮಾತೂ ಇರಲಿಲ್ಲ. ಆಮೇಲೆ ಅವನು ಡ್ಯೂಟಿಯ ಹೊತ್ತು ಬದಲಾಯಿಸಿಕೊಂಡನಂತೆ. ಆ ರೈಲಿಗೆ ಈಗ ಬರುವುದಿಲ್ಲ.