ರೆಕ್ಕೆಯ ಪಾಲು

“ಬರೀ ರೆಕ್ಕೆನಾ? ನಾಯಿಗಾ ಅಕ್ಕಾ?” ಹನೂರಿನ ಕೋಳಿ ಅಂಗಡಿಯವನು ಕತ್ತಿ ಕೆಳಗಿಟ್ಟು ಕೇಳಿದ. ಮನೆಗೆ ನೆಂಟರು ಬರುತ್ತಾರೆ ಎಂದೆ. ನನ್ನ ಮುಖವನ್ನೊಮ್ಮೆ ನೋಡಿ, ಮಾತಾಡದೆ ತೂಗಿಕೊಟ್ಟ. ನನ್ನ ಧಾರವಾಡದ ಮಾತಿಗೆ ಸುಮ್ಮನಾದ ಅಂದುಕೊಂಡೆ.

ಮಹದೇವನನ್ನು ಮೆಚ್ಚಿ ಮದುವೆಯಾಗಿ ಈ ಕಡೆ ಬಂದವಳು ನಾನು. ಅಲ್ಲಿ ರೊಟ್ಟಿ ಬಡಿದ ಕೈ ಇಲ್ಲಿ ಮುದ್ದೆ ಕಟ್ಟಲು ಕಲಿಯಿತು. ಮೊದಲ ದಿನ ಮುದ್ದೆಯನ್ನು ಅಗಿದು ನಗೆಪಾಟಲಾದೆ, ಆಮೇಲೆ ನುಂಗಿದೆ. ‘ಹೋಗ್ತೀನ್ರಿ’ ಬಿಟ್ಟು ‘ಓಯ್ತೀನಿ’ ಅಂದೆ. ಬಾಡಿಗೆ ಮನೆ ಹುಡುಕುವಾಗ ಮಾಲೀಕರು ಮೊದಲು ಕೇಳಿದ್ದು ಜಾತಿ, ಹೆಸರು ಆಮೇಲೆ. ಧಾರವಾಡದಲ್ಲೂ ಹಾಗೆಯೇ, ಆ ಮಟ್ಟಿಗೆ ಊರು ಬಿಟ್ಟ ಹಾಗೆ ಅನಿಸಲಿಲ್ಲ.

ಒಂದು ಮಾತ್ರ ಆಗಿರಲಿಲ್ಲ. ರಾಮಾಪುರದಲ್ಲಿರುವ ನನ್ನ ಅತ್ತೆ, ಭಾವ ಇಬ್ಬರೂ ನನ್ನ ಕೈಯ ಊಟ ಮುಟ್ಟಿರಲಿಲ್ಲ. ಬಂದರೆ ನೀರೂ ಕುಡಿಯದೆ ಎದ್ದು ಹೋಗುವರು. ಅಂಥವರು ಕ್ರಿಕೆಟ್ ಫೈನಲ್ ದಿನ ನಮ್ಮ ದೊಡ್ಡ ಟಿವಿಯ ಆಸೆಗೆ ಗೆಳೆಯರನ್ನೂ ಕಟ್ಟಿಕೊಂಡು ಊಟಕ್ಕೇ ಬರುತ್ತೇವೆಂದರು. ಖುಷಿಗೆ ನನಗೆ ಅಳುವೇ ಬಂತು. ಏನು ಮಾಡಲಿ ಎಂದು ಮಹದೇವನನ್ನು ಕೇಳಿದೆ.

“ನಿನ್ ತವರಿನ ಓವನ್ ಐತಲ್ಲ, ರೆಕ್ಕೆ ಸುಡು. ಬರೀ ರೆಕ್ಕೆ. ಸುಲ್ಬ,” ಅಂದ.

ಸುಲಭವೇ. ರೆಕ್ಕೆಯ ತೇವವನ್ನು ಬಟ್ಟೆಯಲ್ಲಿ ಒರೆಸಿ, ಉಪ್ಪು, ಕಾಳುಮೆಣಸಿನ ಪುಡಿ, ಚೂರು ಬೇಕಿಂಗ್ ಪೌಡರ್ ಸವರಿ, ಜಾಲರಿಯ ಮೇಲೆ ಹರಡಿ ಜೋರು ಕಾವಿಗೆ ಇಡುವುದು. ನಡುವೆ ಒಮ್ಮೆ ಮಗುಚುವುದು. ಎಣ್ಣೆಯಲ್ಲಿ ಕರಿದ ಹಾಗೆ ಗರಿಗರಿ ಆಗುತ್ತದೆ. ಮನೆಯೆಲ್ಲ ಘಮ್ಮೆಂದಿತು.

ತಟ್ಟೆ ಇಟ್ಟೆ. ಭಾವ ಗೆಳೆಯರ ಮುಂದೆ ಬೆರಳಲ್ಲಿ ರೆಕ್ಕೆಗಳನ್ನು ಕೆದಕಿ, “ತೊಡೆ ಎಲ್ಲವ್ವ?” ಅಂದರು.

“ತಂದಿಲ್ಲ ಭಾವ. ಎಲ್ಲಾರಿಗೂ ಇದೇ.”

ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದರು. “ತೊಡೆ ದೊಡ್ಡೋರ್ಗೆ, ರೆಕ್ಕೆ ಲೆಕ್ಕಕ್ಕಿಲ್ದೋರ್ಗೆ. ಕರ್ದು ಕೂರ್ಸಿ ಉಗ್ದಂಗಾಯ್ತು ಕಣವ್ವ.”

ನಮ್ಮ ಮನೆಯಲ್ಲಿ ಅವ್ವ ಸೌಟಿಗೆ ಬಂದದ್ದನ್ನು ಬಡಿಸುತ್ತಿದ್ದಳು. ಕೋಳಿಯ ಮೈಯಲ್ಲಿ ಇಷ್ಟು ಮೇಲು ಕೀಳು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಕೈಮುಗಿದೆ, ಅತ್ತೆಯ ಕಾಲು ಹಿಡಿದೆ. ಆಟ ಮುಗಿಯುವ ಮೊದಲೇ ಎಲ್ಲರೂ ಎದ್ದು ಹೋದರು.

ಒಳಗೆ ಬಂದರೆ ಮಹದೇವ ಕೂತು ರೆಕ್ಕೆ ಚೀಪುತ್ತಿದ್ದ. “ಅಪ್ಪ ಸತ್ ಮ್ಯಾಲೆ ಅಣ್ಣ ನನ್ ತಟ್ಟೆಗೆ ಇದ್ನೇ ಆಕ್ತಿದ್ದ. ಈಗ ಗೊತ್ತಾಯ್ತದೆ ಅವನ್ಗೆ.”

“ಗೊತ್ತಿದ್ದೇ ಮಾಡು ಅಂದ್ರಾ?”

“ನಾನ್ ಮಾಡಿದ್ರೆ ಜಗ್ಳ ಆಯ್ತಿತ್ತು. ನೀನು ಒರಗ್ನೋಳು. ಗೊತ್ತಿಲ್ದೆ ಮಾಡವ್ಳೆ ಅಂತಾರೆ.”

ಅದುವರೆಗೆ ನಾನು ಒರೆಸಿಕೊಳ್ಳಲು ಹೆಣಗುತ್ತಿದ್ದ ಹೊರಗಿನವಳೆಂಬ ಗುರುತು ಇವನಿಗೆ ಬೇಕಾಗಿಯೇ ಇತ್ತು. ಅವನನ್ನು ನೋಡಿ ಹೇಸಿಗೆಯಾಯಿತು. ಮರುವಾರ ಅವನೇ ರಾಮಾಪುರಕ್ಕೆ ಹೋಗಿ ನನ್ನ ದಡ್ಡತನಕ್ಕೆ ಕ್ಷಮೆ ಕೇಳಿ ಬಂದ.

ಹಬ್ಬದ ಮರುದಿನದ ಬಾಡೂಟಕ್ಕೆ ನಮ್ಮನ್ನು ಕರೆದರು. ಭಾವ ತಾವೇ ಸೌಟು ಹಿಡಿದಿದ್ದರು. ಮಹದೇವನ ಎಲೆಗೆ ತೊಡೆ ಬಿತ್ತು. ನನ್ನ ಎಲೆಗೆ ರೆಕ್ಕೆ. ಅವನು ತಲೆ ಎತ್ತದೆ ತಿಂದ. ನಾನೂ ತಿಂದೆ, ಮೂಳೆ ಬಿಡದೆ.

ಸಂಜೆ ಅವ್ವ ಫೋನ್ ಮಾಡಿದಳು. ಗಂಡನ ಮನೆಯವರು ಕರೆದರೆಂದು ಅವಳಿಗೆ ಭಾರಿ ಖುಷಿ. “ಊಟಕ್ಕ ಏನ್ ಮಾಡಿದ್ರವಾ?”

“ಕೋಳಿ, ಅವ್ವ. ಭಾಳ ಚಲೋ ಇತ್ತು.”

“ನೋಡು, ಇನ್ನ ನೀ ಪೂರಾ ಆ ಮನೀಯಾಕಿ ಆದಿ,” ಅಂದಳು ಅವ್ವ.