ತಟ್ಟೆ ನೀರಿನ ಮೇಲಿನ ಪೊರೆ

ಮೇಷ್ಟ್ರ ತಲೆಗೂದಲು ಒಣಹುಲ್ಲಿನ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಎಣ್ಣೆಯ ಪಸೆಯೇ ಇಲ್ಲ. ಕೈಗಳೋ, ಸೋಪಿನಲ್ಲಿ ತೊಳೆದೂ ತೊಳೆದೂ ಬೆರಳ ಸಂದುಗಳೆಲ್ಲ ಬಿಳಚಿ ಬಿರಿದಿದ್ದವು. ನಮ್ಮ ಹಿತ್ತಲ ಕೋಣೆಗೆ ಬಾಡಿಗೆಗೆ ಬಂದ ದಿನವೇ ಅತ್ತೆ ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿಬಿಟ್ಟರು: "ಯಾಕ್ರಿ, ತೆಲಿಗೆ ಎಣ್ಣಿ ಹಚ್ಚಿಲ್ಲ? ಮನ್ಯಾಗ ಯಾರರ ತೀರ್ಕೊಂಡಾರೇನ್ರಿ?"

"ಇಲ್ಲ ಕಣವ್ವ. ಎಣ್ಣೆ ನನ್ನ ಕೆಲಸಕ್ಕೆ ಆಗಿಬರಲ್ಲ" ಅಂದರು.

ಆ ಮಾತಿನ ಧಾಟಿ ಕೇಳಿ ನನ್ನ ಕಿವಿ ನಿಮಿರಿತು. ನನ್ನ ತವರು ಮಡಕಶಿರದ ಕಡೆಯ ಮಾತು! ನನ್ನ ಓರಗೆಯ ಹುಡುಗಿಯರೆಲ್ಲ ಬೆಂಗಳೂರಿನ ಗಾರ್ಮೆಂಟ್ಸಿಗೆ ಬಸ್ಸು ಹತ್ತಿದ ಕಾಲ ಅದು. ನಾನೊಬ್ಬಳು ಮದುವೆಯಾಗಿ ರಾಯದುರ್ಗಕ್ಕೆ ಬಂದು ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುತ್ತಾ ಕೂತಿದ್ದೆ. ನಮ್ಮವರು ಹಿತ್ತಲ ಗೋಡೆಯಾಚೆಯ ಶೆಡ್ಡಿನಲ್ಲಿ ಹೊಸ ಪ್ಯಾಂಟಿಗೆ ಕಂಪ್ರೆಸರಿನ ಗಾಳಿ ಪೈಪಿನಿಂದ ಮರಳು ಹೊಡೆದು ಬಣ್ಣ ತೆಗೆಯುತ್ತಿದ್ದರು. ಹೊಸದನ್ನು ಹಳೇದು ಮಾಡಿದರೆ ಜಾಸ್ತಿ ಬೆಲೆಯಂತೆ, ಅದೇನು ಹುಚ್ಚೋ!

ಮೇಷ್ಟ್ರು ಊರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದರು. ಸಂಜೆಯಾದರೆ ಕೋಣೆಯಲ್ಲಿ ಡಾಕ್ಟರೇಟಿನ ಕೆಲಸ. ಮೇಜಿನ ಮೇಲೆ ಉದ್ದನೆಯ ಬಿಳಿ ತಟ್ಟೆ, ಅದರ ತುಂಬ ಭಟ್ಟಿ ಇಳಿಸಿದ ನೀರು. ನೀರಿನ ಎರಡು ಬದಿಗೆ ಎರಡು ಪಟ್ಟಿ. ಏನಣ್ಣ ಇದು ಅಂತ ಒಂದು ದಿನ ಕೇಳಿಯೇಬಿಟ್ಟೆ.

"ಫುಟ್‌ಬಾಲ್ ನೋಡಿದೀಯೇನಮ್ಮ? ಐದು ಮೂಲೆ ತೇಪೆ, ಆರು ಮೂಲೆ ತೇಪೆ ಸೇರಿಸಿ ಹೊಲಿದಿರ್ತಾರಲ್ಲ? ಇಂಗಾಲದಾಗೂ ಅಂಥ ಚೆಂಡು ಐತೆ. ಫುಲರೀನ್ ಅಂತಾರೆ. ಕಣ್ಣಿಗೆ ಕಾಣಲ್ಲ. ಬರೀ ಚೆಂಡು ನೀರಿಗೆ ಬಿಟ್ರೆ ಒಂದರ ಮೇಲೊಂದು ಹತ್ತಿ ಗುಡ್ಡೆ ಆಗ್ತವೆ. ಅದಕ್ಕೇ ಒಂದೊಂದಕ್ಕೂ ನೀರು ಇಷ್ಟಪಡೋ ಬಾಲ ಹಚ್ಚಿದೀವಿ. ಬಾಲ ನೀರಾಗೆ, ಚೆಂಡು ಮ್ಯಾಲೆ. ಪಟ್ಟಿ ಮೆತ್ತಗೆ ತಳ್ಳಿದ್ರೆ ಎಲ್ಲ ಒತ್ತಾಗಿ ನಿಂತ್ಕತವೆ. ಆಗ ಗಾಜಿನ ಚೂರು ಅದ್ದಿ ಎತ್ತಿದ್ರೆ ಒಂದು ಪೊರೆ. ಇನ್ನೊಂದು ಸಲ ಅದ್ದಿದ್ರೆ ಅದರ ಮ್ಯಾಲೆ ಇನ್ನೊಂದು."

"ಎಮ್ಮೆಗೆ ಬಾಲ ಇರೋದು ಗೊತ್ತು, ನೀವು ಮಸಿಗೂ ಬಾಲ ಹಚ್ತೀರಲ್ಲಣ್ಣ!" ಅಂದೆ. ಹೊಟ್ಟೆ ಹಿಡಿದು ನಕ್ಕರು. ಅವರು ಹಾಗೆ ನಕ್ಕದ್ದು ನಾನು ಮತ್ತೆ ನೋಡಲಿಲ್ಲ.

ಕೆಲಸ ಕೈಗೆ ಹತ್ತಲೇ ಇಲ್ಲ. ಚೆಂಡಿನ ಪುಡಿ ಕರಗಿಸಿದ ಹನಿ ಬಿಡುವ ಮೊದಲು ಬರೀ ನೀರಿನ ಮೇಲೆ ಪಟ್ಟಿ ತಳ್ಳಿ ನೋಡುವುದು ಅವರ ಪದ್ಧತಿ. ನೀರು ಶುದ್ಧವಿದ್ದರೆ ತಟ್ಟೆಗೆ ಹಚ್ಚಿದ ಅಳತೆಯ ಮುಳ್ಳು ಅಲ್ಲಾಡಬಾರದು. ನಮ್ಮ ಮನೆಯಲ್ಲಿ ಅದು ಅಲ್ಲಾಡುತ್ತಿತ್ತು. "ನಾನಿನ್ನೂ ಏನೂ ಹಾಕೇ ಇಲ್ಲ. ಆಗ್ಲೇ ಏನೋ ಬಂದು ಕುಂತೈತೆ" ಎಂದು ತಮ್ಮಷ್ಟಕ್ಕೆ ಗೊಣಗುವರು. ಮೊದಲು ನನ್ನ ತಲೆಯೆಣ್ಣೆಯ ಮೇಲೆ ಅನುಮಾನ. ಪಾಪ ಅಂತ ಎಣ್ಣೆ ಬಿಟ್ಟೆ, ಅತ್ತೆಯ ಬಾಯಿಗೆ ಸಿಕ್ಕಿದೆ. ಆಮೇಲೆ ಒಗ್ಗರಣೆ ಹೊಗೆಯ ಮೇಲೆ. ಅಡುಗೆಮನೆ ಬಾಗಿಲು ಹಾಕಿಕೊಂಡು ಬೆಂದೆ. ಬೆಳಗಾದರೆ ನೀರಿನ ಮೇಲೆ ಮತ್ತೆ ಅದೇ ಕಾಣದ ಪೊರೆ. ನನಗೆ ಆ ಕೋಣೆಯ ಕಡೆ ಹೋಗಲು ಹೆದರಿಕೆಯಾಗತೊಡಗಿತು.

ಆ ಹೊತ್ತಿಗೆ ನಮ್ಮವರಿಗೆ ಕೆಮ್ಮು ಶುರುವಾಗಿತ್ತು. ಮುಂಜಾನೆ ಉಗುಳಿದರೆ ನೀಲಿ. ಕೆಲಸ ಬಿಡುವಾಗ ಶೆಡ್ಡಿನ ಸಾವ್ಕಾರ ಎಲ್ಲರಿಗೂ ಒಂದೊಂದು ಉಂಡೆ ಬೆಲ್ಲ ಕೊಡುತ್ತಿದ್ದ. ಬೆಲ್ಲ ತಿಂದರೆ ಧೂಳೆಲ್ಲ ಹೊಟ್ಟೆಗಿಳಿದು ಎದೆ ತೊಳೆದಂತಾಗುತ್ತದೆ ಅಂತ ಎಲ್ಲರ ನಂಬಿಕೆ. ನಾನೂ ನಂಬಿದ್ದೆ, ಮನೆಯಿಂದಲೂ ಕಟ್ಟಿ ಕಳಿಸುತ್ತಿದ್ದೆ.

ಒಂದು ದಿನ ಮೇಷ್ಟ್ರು ಆ ನೀರಿಗೆ ಗಾಜು ಅದ್ದಿ, ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದರು. ಚಪ್ಪಲಿ ಕೂಡ ಬಿಡದೆ ಸೀದಾ ನಡುಮನೆಗೆ ನುಗ್ಗಿದರು. ನಮ್ಮವರು ಬೆಲ್ಲ ಕಡಿಯುತ್ತಾ ಕೂತಿದ್ದರು.

"ಕಂಪ್ರೆಸರ್ ಎಣ್ಣೆ, ನೀಲಿ ನೂಲು, ಚೂಪು ಚೂಪು ಮರಳಿನ ಚೂರು. ಮುಚ್ಚಿದ ಕಿಟಕಿ ದಾಟಿ ಬಂದು ನನ್ನ ನೀರಿನ ಮೇಲೆ ಕುಂತೈತೆ. ಪೈಪ್ ಹಿಡಿಯೋ ನಿನ್ನ ಎದೆಯಾಗೆ ಇನ್ನೆಷ್ಟು ಕುಂತಿರ್ಬೇಕಪ್ಪ?"

"ಬೆಲ್ಲ ತಿಂತೀವಲ್ರಿ ಸರ, ಎಲ್ಲಾ ಕೆಳಗ ಇಳೀತೈತಿ."

"ಬೆಲ್ಲ ಹೋಗೋ ದಾರಿ ಬೇರೆ, ಉಸಿರು ಹೋಗೋ ದಾರಿ ಬೇರೆ. ಅಲ್ಲಿ ಕುಂತದ್ದು ಏಳಲ್ಲ. ಬಳ್ಳಾರಿಗೆ ನಡಿ, ಎದೆ ಎಕ್ಸ್‌ರೇ ತೆಗೆಸನ."

"ಸಾವ್ಕಾರಗ ಗೊತ್ತಾದ್ರ ಕೆಲಸ ಹೋಗ್ತೈತ್ರಿ. ನೀವರ ಬ್ಯಾರೆ ಮನಿ ನೋಡ್ಕೊಳ್ರಿ, ನಿಮ್ಮ ಕೆಲಸರ ಆಗ್ತೈತಿ."

ಆ ಮಾತು ಸುಳ್ಳಲ್ಲ. ಪ್ರಬಂಧ ಒಪ್ಪಿಸುವ ಗಡುವು ಹತ್ತಿರವಿತ್ತು, ಅವರ ಗುರುಗಳು ಕೊಟ್ಟ ಚೆಂಡಿನ ಪುಡಿ ತಳ ಕಂಡಿತ್ತು. ಮನೆ ಬದಲಿಸಿದ್ದರೆ ಮೇಷ್ಟ್ರು ಗಡುವಿನೊಳಗೆ ಮುಗಿಸಿಬಿಡುತ್ತಿದ್ದರು. ಅವರು ಮಾಡಿದ್ದೇನು? ತಟ್ಟೆ ತೊಳೆದು ಗೋಡೆಗೆ ಒರಗಿಸಿಬಿಟ್ಟರು. "ನೀನು ಆ ಶೆಡ್ ಬಿಡೋಗಂಟ ನಾನು ಈ ಮನೆ ಬಿಡಲ್ಲ, ಇದಕ್ಕೆ ನೀರೂ ಹಾಕಲ್ಲ" ಅಂದರು.

ಇದೆಂಥ ಹಟ! ನನಗಂತೂ ಮೈಯೆಲ್ಲ ಉರಿಯಿತು. ಮೇಷ್ಟ್ರು ವಾದಕ್ಕೆ ಬರಲಿಲ್ಲ. ದಿನಾ ಸಂಜೆ ಒಂದು ಶುಭ್ರ ಗಾಜನ್ನು ಹಿತ್ತಲ ಕಿಟಕಿಯಲ್ಲಿಡುವರು, ಬೆಳಿಗ್ಗೆ ಅದನ್ನು ತಂದು ನಮ್ಮವರ ಚಹಾ ಲೋಟದ ಪಕ್ಕ ಇಟ್ಟು ಕಾಲೇಜಿಗೆ ಹೋಗುವರು. ಗಾಜಿನ ಮೇಲೆ ಬೂದು ನೀಲಿ ಮಬ್ಬು. ನಮ್ಮವರು ಅದನ್ನು ಪಕ್ಕಕ್ಕೆ ಸರಿಸಿ ಚಹಾ ಕುಡಿಯುವರು. ಗಡುವು ಹಾಗೇ ಕಳೆದುಹೋಯಿತು.

ಅಷ್ಟರಲ್ಲಿ ಬೊಮ್ಮನಹಾಳಿನಿಂದ ಬರುತ್ತಿದ್ದ ಶೆಡ್ಡಿನ ಜೊತೆಗಾರ ಕೆಲಸಕ್ಕೆ ಬರುವುದು ನಿಲ್ಲಿಸಿದ. ಗಟ್ಟಿಮುಟ್ಟಾದ ಹುಡುಗ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೆ ಒರಗಿ ಕೂತೇ ಇರುತ್ತಾನಂತೆ ಅಂದರು. ಆಮೇಲೆ ಹೋಗೇಬಿಟ್ಟ. ಅವನನ್ನು ಮಣ್ಣು ಮಾಡಿ ಬಂದ ಮರುದಿನ ನಮ್ಮವರು ಚಹಾ ಮುಟ್ಟಲಿಲ್ಲ. ಆ ಗಾಜನ್ನೇ ಬೆಳಕಿಗೆ ಹಿಡಿದು ನೋಡುತ್ತಾ ಕೂತರು. ಮೇಷ್ಟ್ರು ಹೊರಡುವುದರಲ್ಲಿದ್ದರು.

"ಬಳ್ಳಾರಿಗೆ ಯಾವಾಗ ಹೋಗೂನ್ರಿ ಸರ?"

ಎಕ್ಸ್‌ರೇಯಲ್ಲಿ ಎದೆಯ ತುಂಬ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ಈ ಚುಕ್ಕಿ ಹೋಗುವುದಿಲ್ಲ, ಆದರೆ ಮರಳಿನ ಕೆಲಸ ಇಲ್ಲಿಗೆ ಬಿಟ್ಟರೆ ಬದುಕಬಹುದು, ಇನ್ನು ಧೂಳಿನ ಹತ್ತಿರ ಸುಳಿಯಕೂಡದು ಅಂದರು ಡಾಕ್ಟರು. ನಮ್ಮವರು ಶೆಡ್ ಬಿಟ್ಟು ನನ್ನ ಪಕ್ಕದ ಮಿಷನ್ನಿಗೆ ಕೂತರು. ಸೊಟ್ಟ ಹೊಲಿದರೆ ನನ್ನಿಂದ ಬೈಸಿಕೊಳ್ಳುತ್ತಾರೆ. ಶೆಡ್ಡಿನಲ್ಲಿ ಅವರ ಜೊತೆ ಬೆಲ್ಲ ತಿಂದವರಲ್ಲಿ ಇವತ್ತು ಯಾರೂ ಬದುಕಿಲ್ಲ. ಮೇಷ್ಟ್ರಿಗೆ ಡಾಕ್ಟರೇಟು ಬರಲೇ ಇಲ್ಲ. ಅದರ ಸುದ್ದಿ ಅವರೂ ಎತ್ತಲಿಲ್ಲ, ಕೇಳುವ ಮುಖ ನಮಗೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಮೇಷ್ಟ್ರು ಮಡಕಶಿರದಲ್ಲಿ ತೀರಿಕೊಂಡರು. ಇಬ್ಬರೂ ಹೋದೆವು. ಗುಂಡಿಗೆ ಮಣ್ಣು ಹಾಕುವ ಸರದಿ ಬಂದಾಗ ಒಂದೊಂದು ಹಿಡಿಗೂ ಧೂಳು ಮೇಲೇಳುತ್ತಿತ್ತು. ನಮ್ಮವರು ಅಳುತ್ತಾ ಮುಂದೆ ಹೋದರು. ಅಂಗಿ ಹಿಡಿದು ಹಿಂದಕ್ಕೆಳೆದೆ.

"ಬಿಡು ನನ್ನ. ಅವರ ಋಣ ಐತಿ ನನ್ನ ಮ್ಯಾಲ."

ಬಿಡಲಿಲ್ಲ. "ಅಷ್ಟು ದೂರದಿಂದ ಬಂದು ಒಂದಿಡಿ ಮಣ್ಣು ಹಾಕಕ್ಕೆ ಬಿಡಬಾರ್ದೇನಮ್ಮ?" ಎಂದು ಮೇಷ್ಟ್ರ ಕಡೆಯ ಮುದುಕರೊಬ್ಬರು ಸಿಡುಕಿದರು. ಗಂಡನನ್ನು ದೂರದ ಬೇವಿನ ಮರದ ಕೆಳಗೆ, ಧೂಳು ಬಾರದ ಕಡೆ ಕೂರಿಸಿದೆ. ತಿರುಗಿ ಬಂದು ನನ್ನದೊಂದು ಹಿಡಿ ಹಾಕಿದೆ, ನಮ್ಮವರದೊಂದು ಹಿಡಿ ಹಾಕಿದೆ.