ಬಲತೋಳಿನ ಹುಲಿ

ಯಾರಾದರೂ ದೆವ್ವ ಕಂಡೆನೆಂದರೆ, "ರಾತ್ರಿ ಊಟಕ್ಕೆ ಏನು ತಿಂದಿದ್ರಿ?" ಎಂದು ಕೇಳುತ್ತಿದ್ದವನು ನಾನು. ಈಗ ಕೇಳುವುದಿಲ್ಲ. ನೀವು ನನ್ನನ್ನೂ ಹಾಗೇ ಕೇಳಬಹುದು. ಅಂದು ತಿಂದದ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಅದೂ ಹಗಲಿನಲ್ಲಿ.

ಎರಡು ಸಾವಿರದ ಇಸವಿ ಕಳೆದ ಹೊಸತು. ಸೀಡರ್ ಪಾರ್ಕ್ ಎಂಬ ಊರಿನಲ್ಲಿದ್ದೆ, ಚಿಪ್ ಕಂಪನಿಯಲ್ಲಿ ಕೆಲಸ. ಹಳೆಯ ಸೈನ್ಯಗಳ ಲಾಂಛನ ಗುರುತಿಸುವುದು ನನ್ನ ಹುಚ್ಚು. "ಸತ್ತವರ ಅಂಗಿ ಗುಂಡಿ ಆರಿಸೋದು ಬಿಟ್ಟು ಅಂಗಳದ ಹುಲ್ಲಾದ್ರೂ ಕತ್ತರಿಸಿ" ಎಂದು ಹೆಂಡತಿ ಬೈಯುತ್ತಿದ್ದಳು. ಡಲ್ಲಾಸಿನಲ್ಲಿ ಇಂಥ ಹುಚ್ಚರು ಸೇರುವ ಸಂತೆಯಲ್ಲಿ ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಚಿತ್ರಗಳ ವಿಡಿಯೊ ಟೇಪ್ ಸಿಕ್ಕಿತು. ಕಪ್ಪು ಬಿಳುಪು, ಮಾತಿಲ್ಲ. ಸಮವಸ್ತ್ರ ಜರ್ಮನರದು, ಮುಖಗಳು ನಮ್ಮವರವು. ತೋಳಿನ ಪಟ್ಟಿಯಲ್ಲಿ ನೆಗೆಯುತ್ತಿರುವ ಯಾವುದೋ ಪ್ರಾಣಿ. ಬ್ರಿಟಿಷರ ಪರ ಹೋರಾಡಿ ಜರ್ಮನರಿಗೆ ಸೆರೆಸಿಕ್ಕ ನಮ್ಮ ಸಿಪಾಯಿಗಳಲ್ಲಿ ಕೆಲವರು ಆ ಕಡೆ ಸೇರಿದ ದಳವೊಂದಿತ್ತೆಂದು ಓದಿದ್ದೆ, ಅದರ ಲಾಂಛನ ಮಾತ್ರ ಕಂಡಿರಲಿಲ್ಲ.

ಹ್ಯೂಸ್ಟನ್ ಹತ್ತಿರ ಮಿಸೌರಿ ಸಿಟಿಯಲ್ಲಿ ನಮ್ಮ ಡಾಕ್ಟರ್ ಆಂಟಿ ಇದ್ದರು. ಬೆಳಗಾವಿ ಕಡೆಯವರು. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ ಯುದ್ಧಕ್ಕೆ ಹೋದ ತಂದೆ ಆಫ್ರಿಕದ ಮರಳುಗಾಡಿನಲ್ಲಿ ಕಾಣೆಯಾದರು. ಸತ್ತರೆಂದು ಯಾರೂ ಹೇಳಲಿಲ್ಲ. ಹಾಗಾಗಿ ತಾಯಿ ಕುಂಕುಮ ಅಳಿಸಲಿಲ್ಲ, ಶ್ರಾದ್ಧಕ್ಕೂ ಒಪ್ಪಲಿಲ್ಲ. ಅಪ್ಪನಿಗೆ ಒಂದು ಬೊಗಸೆ ಎಳ್ಳುನೀರು ಬಿಡಲಾಗದ ಸಂಕಟ ಆಂಟಿಯದು. ಟೇಪಿನ ಸುದ್ದಿ ಕೇಳಿ, "ತಗೊಂಡು ಬಾರಪಾ, ನಮ್ಮಪ್ಪ ಅದರಾಗ ಇದ್ರೂ ಇರಬಹುದು" ಎಂದರು. ಆದರೆ ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಗುರುತಿಸಬಲ್ಲವರು ಆಂಟಿಯ ಜೊತೆಗೇ ಇದ್ದ ಅವರ ತಾಯಿ, ಅಜ್ಜಿ ಒಬ್ಬರೇ, ಅವರಿಗೆ ಕಣ್ಣು ಹೋಗಿ ಎಷ್ಟೋ ವರ್ಷಗಳಾಗಿದ್ದವು.

ಊಟವಾದ ಮೇಲೆ ಟೇಪ್ ಹಾಕಿದೆವು. ಅಜ್ಜಿ ಸೋಫಾದ ಮೂಲೆಯಲ್ಲಿದ್ದರು. ಏನು ನೋಡುತ್ತಿದ್ದೇವೆಂದು ಅವರಿಗೆ ಹೇಳಿರಲಿಲ್ಲ. ಒಬ್ಬ ಸಿಪಾಯಿಯ ತೋಳು ಹತ್ತಿರದಿಂದ ಕಂಡ ಕಡೆ ಚಿತ್ರ ನಿಲ್ಲಿಸಿ, "ಸಿಂಹ ಇರ್ಬೇಕು ಆಂಟಿ" ಎಂದೆ.

"ಸಿಂಹ ಅಲ್ಲೋ ತಮ್ಮಾ, ಹುಲಿ," ಎಂದರು ಅಜ್ಜಿ. "ಬಲತೋಳಿನ ಮ್ಯಾಲ ಐತಿ, ಹೌದಿಲ್ಲೋ?"

ಬಲತೋಳೇ ಆಗಿತ್ತು.

"ನಿನಗ ಹೆಂಗ ಗೊತ್ತವ್ವಾ?" ಎಂದರು ಆಂಟಿ.

"ಬಂದಾಗ ಮುಟ್ಟಿ ನೋಡೀನಿ. ಎಷ್ಟೋ ಸಲ ಬಂದು ಹಾಸಿಗಿ ಮ್ಯಾಲ ಕೂತಾರ. ಒಂದ್ ಮಾತಾಡೂದಿಲ್ಲ. ದಾರದಾಗ ನೇಯ್ದ ಹುಲಿ. ನೀವು ನಗ್ತೀರಂತ ಹೇಳಲಿಲ್ಲ." ಮತ್ತೆ ಅಂದರು, "ಮಂದಿ ಕಣ್ಣಿಗೆ ಬಿದ್ರಲ್ಲ, ಇನ್ನ ಬರೂದಿಲ್ಲ."

ಗೋಡೆ ಹಿಡಿದುಕೊಂಡು ಎದ್ದು ಹೋದರು. ಬಚ್ಚಲಲ್ಲಿ ನೀರಿನ ಸದ್ದಾಯಿತು. ಹೊರಬಂದಾಗ ಹಣೆ ಬರಿದಾಗಿತ್ತು. ಅರವತ್ತು ದಾಟಿದ ಆಂಟಿ ತಾಯಿಯನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಟೀವಿಯಲ್ಲಿ ಆ ತೋಳು ಹಾಗೇ ನಿಂತಿತ್ತು. ಆರಿಸಲು ನನಗೆ ಕೈ ಬರಲಿಲ್ಲ.

ಆ ವರ್ಷದ ಪಿತೃಪಕ್ಷದಲ್ಲಿ ಆಂಟಿ ತಂದೆಗೆ ಮೊದಲ ಸಲ ಎಳ್ಳುನೀರು ಬಿಟ್ಟರು. ಅಜ್ಜಿ ತಡೆಯಲಿಲ್ಲ. ಆದರೆ ಬದುಕಿದ್ದಷ್ಟು ದಿನವೂ ಅರ್ಧ ಹಾಸಿಗೆ ಖಾಲಿ ಬಿಟ್ಟೇ ಮಲಗುತ್ತಿದ್ದರಂತೆ.

ಆಮೇಲೆ ಬಲ್ಲವರನ್ನು ವಿಚಾರಿಸಿದೆ. ಹುಲಿಯೇ. ಆ ಸಿಪಾಯಿ ಅಜ್ಜಿಯ ಗಂಡನೇ ಎನ್ನಲು ಪುರಾವೆಯಿಲ್ಲ. ಅಜ್ಜಿಗೆ ಎಲ್ಲಿಂದಲೋ ಸುದ್ದಿ ಸಿಕ್ಕಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ, ಅದು ಒಂದು ದಿನಕ್ಕಿಂತ ಹೆಚ್ಚು ನಿಂತಿಲ್ಲ. ಆ ಪಟ್ಟಿಯ ನಕಲೊಂದು ನನ್ನಲ್ಲಿದೆ. ಆಗಾಗ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸುತ್ತೇನೆ. ಒರಟು ದಾರ ಸಿಗುತ್ತದೆ. ಹುಲಿ ಸಿಗುವುದಿಲ್ಲ.